ಆಪರೇಷನ್‌ಗೆ ಮುಂಚಿನ ಅಂಕಿಗಳು: ಅಪ್ಪನ ಕರುಳಿನ ಕ್ಯಾನ್ಸರ್ ಮತ್ತು ನಾವು ಕೇಳುತ್ತಾ ಹೋದ ಒಂದು ಪ್ರಶ್ನೆ

ಕರುಳಿನ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ಡಾಕ್ಟರು "ರಿಸ್ಕ್" ಅಂತ ಹೇಳುತ್ತಾರಲ್ಲ, ಅದರೊಳಗೆ ಎರಡು ಬೇರೆ ಬೇರೆ ವಿಷಯ ಇರುತ್ತದೆ. ಒಂದು, ಆಪರೇಷನ್ ಅನ್ನು ಈ ದೇಹ ತಡೆದುಕೊಳ್ಳುತ್ತಾ, ಮೊದಲ ಒಂದು ತಿಂಗಳು ಹೇಗೆ ಹೋಗುತ್ತೆ ಅನ್ನೋದು. ಇನ್ನೊಂದು, ಗೆಡ್ಡೆ ತೆಗೆದ ಮೇಲೆ ಕ್ಯಾನ್ಸರ್ ಮತ್ತೆ ಬರುತ್ತಾ ಅನ್ನೋದು. ಎರಡಕ್ಕೂ ಬೇರೆ ಪರೀಕ್ಷೆ, ಬೇರೆ ಲೆಕ್ಕ, ಎಷ್ಟೋ ಸಲ ಹೇಳುವ ಡಾಕ್ಟರೂ ಬೇರೆ. ಮನೆಯವರ ಕಿವಿಗೆ ಮಾತ್ರ ಎರಡೂ ಕಲಸಿಹೋಗಿ ಒಂದೇ ಭಯವಾಗಿ ಬೀಳುತ್ತದೆ. ಅಪ್ಪನಿಗೆ ಗುದನಾಳದ ಮೇಲ್ಭಾಗದಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಆಪರೇಷನ್ ಟೇಬಲ್ ಹತ್ತುವ ತನಕ ಏನೇನು ಅಳೆದರು, ಯಾವ ಅಂಕಿಯಿಂದ ಏನು ಬದಲಾಯಿತು, ಯಾವುದರಿಂದ ಏನೂ ಬದಲಾಗಲಿಲ್ಲ ಅನ್ನೋದನ್ನ ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿ ನಡೆಯುತ್ತಿರುವ ಇನ್ನೊಂದು ಮನೆಗೆ ಉಪಯೋಗಕ್ಕೆ ಬರಲಿ ಅಂತ.

ಅಪ್ಪನಿಗೆ 73 ವರ್ಷ. ತುಂಬಾ ವರ್ಷಗಳಿಂದ ಶುಗರ್ ಇದೆ. ಸಿಗರೇಟು ಸೇದುತ್ತಿದ್ದರು. ಮಲದಲ್ಲಿ ರಕ್ತ ಕಾಣಿಸಿಕೊಂಡು ಕೊಲೊನೋಸ್ಕೋಪಿ ಮಾಡಿಸಿದೆವು. ಗುದದ್ವಾರದಿಂದ ಸುಮಾರು 11 ಸೆಂಟಿಮೀಟರ್ ಮೇಲೆ ಗೆಡ್ಡೆ, ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ. ಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಆ ರಿಪೋರ್ಟ್‌ನಲ್ಲಿ ಸಣ್ಣದಾಗಿ ಒಂದು ಸಾಲಿತ್ತು, ಸ್ಕೋಪ್ ಗೆಡ್ಡೆಯನ್ನು ದಾಟಿ ಮೇಲೆ ಹೋಯಿತು ಅಂತ. ನಾನು ಅದನ್ನು ಓದಿ ಸುಮ್ಮನಾಗಿದ್ದೆ. ಸರ್ಜನ್ ಮಾತ್ರ ಮೊದಲು ಬೆರಳಿಟ್ಟಿದ್ದು ಅದರ ಮೇಲೆ. ಕರುಳು ಕಟ್ಟಿಕೊಂಡು ಅಥವಾ ತೂತಾಗಿ ರಾತ್ರೋರಾತ್ರಿ ಆಪರೇಷನ್ ಮಾಡಬೇಕಾಗಿ ಬಂದರೆ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ದಾರಿ ತೆರೆದಿದೆ ಅಂದರೆ ತಯಾರಿಗೆ ಸಮಯ ಇದೆ. "ಇದೇ ನಮಗೆ ಸಿಕ್ಕಿರೋ ದೊಡ್ಡ ಅನುಕೂಲ ಸರ್" ಅಂತ ಅಪ್ಪನಿಗೆ ಹೇಳಿದರು.

ಆಮೇಲೆ ಎದೆ, ಹೊಟ್ಟೆ, ಕಿಬ್ಬೊಟ್ಟೆಯ ಸಿಟಿ ಸ್ಕ್ಯಾನ್. ಲಿವರ್ ಮತ್ತು ಶ್ವಾಸಕೋಶದಲ್ಲಿ ಏನೂ ಇಲ್ಲ ಅಂತ ಬಂತು. ಮುಂದಿನ ಐದು ವರ್ಷದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಂಕಿ ಇನ್ನೊಂದಿಲ್ಲ. ಅಮೆರಿಕದಲ್ಲಿ ದಾಖಲಾದ ಲೆಕ್ಕ ತೆಗೆದುಕೊಂಡರೆ, ಕರುಳಿನ ಒಳಗೇ ಉಳಿದ ಕ್ಯಾನ್ಸರ್ ಇದ್ದವರಲ್ಲಿ 5 ವರ್ಷ ದಾಟುವವರು ನೂರಕ್ಕೆ ಸುಮಾರು 90, ಹತ್ತಿರದ ದುಗ್ಧ ಗ್ರಂಥಿಗಳಿಗೆ (ಲಿಂಫ್ ನೋಡ್) ಹೋಗಿದ್ದರೆ 70ಕ್ಕಿಂತ ಸ್ವಲ್ಪ ಜಾಸ್ತಿ, ದೂರದ ಅಂಗಕ್ಕೆ ಹರಡಿದ್ದರೆ 15ರ ಆಸುಪಾಸು. ನಾನು ಇದನ್ನೆಲ್ಲ ಓದಿಕೊಂಡು ಹೋಗಿದ್ದೆ. ಡಾಕ್ಟರು ಒಂದು ಮಾತು ಸೇರಿಸಿದರು. ಐದು ವರ್ಷದ ಅಂಕಿ ಅಂದಮೇಲೆ ಅದು ಐದಾರು ವರ್ಷ ಹಿಂದೆ ಕಾಯಿಲೆ ಗೊತ್ತಾದವರ ಲೆಕ್ಕ, ಅವತ್ತಿನ ಚಿಕಿತ್ಸೆಯ ಲೆಕ್ಕ. ಆಮೇಲೆ ಆ ನೂರು ಜನರಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ, ಎಲ್ಲ ಥರದ ದೇಹದವರೂ ಇದ್ದಾರೆ. ನಿಮ್ಮ ತಂದೆ ಆ ನೂರರಲ್ಲಿ ಯಾರು ಅನ್ನೋದನ್ನ ಅದು ಹೇಳುವುದಿಲ್ಲ.

ಅಲ್ಲಿಂದ ನಾನು ಪ್ರತಿ ರಿಪೋರ್ಟ್‌ಗೂ ಒಂದೇ ಪ್ರಶ್ನೆ ಕೇಳಲು ಶುರು ಮಾಡಿದೆ: "ಈ ಅಂಕಿ ಬೇರೆ ಬಂದಿದ್ದರೆ ನೀವು ಬೇರೇನಾದರೂ ಮಾಡುತ್ತಿದ್ದಿರಾ ಡಾಕ್ಟ್ರೇ?" ಇದಕ್ಕೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳಲಿಲ್ಲ. ಕೆಲವರಂತೂ ಈ ಪ್ರಶ್ನೆ ಕೇಳಿದ ಮೇಲೆಯೇ ಮನಸ್ಸು ಬಿಚ್ಚಿ ಮಾತಾಡಿದರು. ಉತ್ತರ "ಹೌದು" ಅಂತ ಬಂದರೆ ಆ ಪರೀಕ್ಷೆಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದೆ. "ಇಲ್ಲ" ಅಂತ ಬಂದರೆ ಆ ಅಂಕಿ ಹಿಡಿದುಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳುವುದನ್ನು ಬಿಟ್ಟೆ.

ಎಂಆರ್‌ಐಗೆ ಉತ್ತರ ಗಟ್ಟಿಯಾದ ಹೌದು. ದೊಡ್ಡ ಕರುಳಿನ ಬೇರೆ ಭಾಗಕ್ಕೆ ಸಿಟಿ ಸಾಕಾಗುತ್ತದೆ, ಗುದನಾಳಕ್ಕೆ ಎಂಆರ್‌ಐ ಬೇಕೇ ಬೇಕು. ಯಾಕೆ ಅಂತ ರೇಡಿಯಾಲಜಿ ಡಾಕ್ಟರು ಪರದೆಯ ಮೇಲೆ ತೋರಿಸಿದರು. ಗುದನಾಳದ ಸುತ್ತ ಕೊಬ್ಬಿನ ಒಂದು ಪದರ ಇದೆ, ಅದರೊಳಗೆ ಗ್ರಂಥಿಗಳು, ರಕ್ತನಾಳಗಳು. ಅದರ ಹೊರಗೆ ತೆಳ್ಳನೆಯ ಒಂದು ಪೊರೆ. ಬಿಲ್ ಹೀಲ್ಡ್ ಅನ್ನುವ ಬ್ರಿಟಿಷ್ ಸರ್ಜನ್ 1982ರಲ್ಲಿ ಹೇಳಿದ್ದು ಇದನ್ನೇ: ಆ ಪೊರೆ ಹರಿಯದ ಹಾಗೆ ಇಡೀ ಪೊಟ್ಟಣವನ್ನು ಒಟ್ಟಿಗೆ ತೆಗೆದರೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳಿ ಬರುವುದು ತುಂಬಾ ಕಡಿಮೆಯಾಗುತ್ತದೆ. ಹಾಗಾಗಿ ಎಂಆರ್‌ಐಯಲ್ಲಿ ಮುಖ್ಯವಾಗಿ ನೋಡುವುದು ಗೆಡ್ಡೆ ಎಷ್ಟು ದೊಡ್ಡದಿದೆ ಅಂತ ಅಲ್ಲ, ಆ ಪೊರೆಗೆ ಎಷ್ಟು ಹತ್ತಿರ ಬಂದಿದೆ ಅಂತ. 1 ಮಿಲಿಮೀಟರ್‌ನೊಳಗೆ ಬಂದಿದ್ದರೆ ಅಂಚು ಅಪಾಯದಲ್ಲಿದೆ ಅಂತ ಲೆಕ್ಕ. ಆಗ ಮೊದಲು ರೇಡಿಯೇಷನ್, ಕೀಮೋ ಕೊಟ್ಟು ಗೆಡ್ಡೆಯನ್ನು ಕುಗ್ಗಿಸಿ ಆಮೇಲೆ ಆಪರೇಷನ್. ಎಂಆರ್‌ಐಯಿಂದ ಈ ಅಂಚನ್ನು ಮುಂಚೆಯೇ ನಂಬಿಕೆಯಿಂದ ಹೇಳಬಹುದು ಅಂತ ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಮರ್ಕ್ಯುರಿ ಅಧ್ಯಯನ 2006ರಲ್ಲಿ ತೋರಿಸಿತು.

ಇನ್ನೊಂದನ್ನೂ ಅವರು ಹುಡುಕುತ್ತಾರೆ, ಗೆಡ್ಡೆ ಕರುಳಿನ ಹೊರಗಿನ ರಕ್ತನಾಳದೊಳಕ್ಕೆ ನುಗ್ಗಿದೆಯಾ ಅಂತ. ನುಗ್ಗಿದ್ದರೆ ಮುಂದೆ ಲಿವರ್, ಶ್ವಾಸಕೋಶಕ್ಕೆ ಹೋಗುವ ಸಾಧ್ಯತೆ ಜಾಸ್ತಿ. ಅಪ್ಪನ ಗೆಡ್ಡೆ ಕರುಳಿನ ಗೋಡೆ ದಾಟಿ ಕೊಬ್ಬಿಗೆ ಸ್ವಲ್ಪ ಇಳಿದಿತ್ತು, ಆದರೆ ಪೊರೆಯಿಂದ ಸಾಕಷ್ಟು ದೂರ ಇತ್ತು. ರಕ್ತನಾಳ ಶುಚಿ. ಗ್ರಂಥಿಗಳೂ ಶುಚಿ ಅಂತ ಬರೆದಿದ್ದರು. ಗ್ರಂಥಿಗಳ ಬಗ್ಗೆ ಮಾತ್ರ ಅವರೇ ಎಚ್ಚರಿಕೆ ಕೊಟ್ಟರು: "ಇಲ್ಲಿ ಎಂಆರ್‌ಐ ಮಾತನ್ನ ಪೂರ್ತಿ ನಂಬಬೇಡಿ. ಸಣ್ಣ ಗ್ರಂಥಿಯೊಳಗೂ ಕ್ಯಾನ್ಸರ್ ಇರಬಹುದು, ದೊಡ್ಡದಾಗಿ ಊದಿದ್ದರೂ ಏನೂ ಇಲ್ಲದೇ ಇರಬಹುದು." ರಿಪೋರ್ಟ್‌ನಲ್ಲಿ ಸ್ಟೇಜ್ ಬರೆಯುವಾಗ ಮುಂದೆ ಸಿ ಅನ್ನುವ ಇಂಗ್ಲಿಷ್ ಅಕ್ಷರ ಹಾಕಿದ್ದರೆ ಅದು ಸ್ಕ್ಯಾನ್ ನೋಡಿ ಮಾಡಿದ ಅಂದಾಜು, ಪಿ ಅಂತ ಇದ್ದರೆ ತೆಗೆದ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದು. ಆಪರೇಷನ್‌ಗೆ ಮುಂಚೆ ನಮ್ಮ ಕೈಲಿ ಇರುವುದೆಲ್ಲ ಸಿ. ರಿಪೋರ್ಟ್ ಓದುವ ಪ್ರತಿಯೊಬ್ಬರಿಗೂ ಇದನ್ನು ಮೊದಲೇ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸಿಇಎ ವಿಷಯ ಬೇಗ ಮುಗಿಯುತ್ತದೆ. ಇದು ರಕ್ತದಲ್ಲಿ ಸಿಗುವ ಒಂದು ಪ್ರೋಟೀನ್, 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಗುರುತಿಸಿದ್ದು. ಮಿಲಿಲೀಟರ್‌ಗೆ 5 ನ್ಯಾನೋಗ್ರಾಂ ದಾಟಿದ್ದರೆ ಒಟ್ಟಾರೆ ಮುಂದಿನ ದಾರಿ ಸ್ವಲ್ಪ ಕಷ್ಟ ಅಂತ ಲೆಕ್ಕ. ಅಪ್ಪನದು 6.8. ಆದರೆ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಇದು ಏರಿರಬಹುದು. ನನ್ನ ಪ್ರಶ್ನೆ ಕೇಳಿದೆ. ಇಲ್ಲ, ಈ ಒಂದು ಅಂಕಿಯಿಂದ ಆಪರೇಷನ್ ಬದಲಾಗಲ್ಲ, ಆಪರೇಷನ್ ಆದ ಮೇಲೆ ಇಳಿಯುತ್ತಾ ಅಂತ ನೋಡೋಕೆ ಈಗಿನದು ಬೇಕು ಅಷ್ಟೇ ಅಂದರು.

ಬಯಾಪ್ಸಿ ತುಂಡಿನ ಮೇಲೇ ಮಾಡುವ ಇನ್ನೊಂದು ಪರೀಕ್ಷೆ ಇದೆ. ಇದನ್ನು ಮಾಡಿಸಿದ್ದಾರಾ ಅಂತ ಎಲ್ಲರೂ ಕೇಳಿ ತಿಳಿದುಕೊಳ್ಳಬೇಕು. ಎಂಎಂಆರ್ ಅನ್ನುತ್ತಾರೆ. ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅದು. ಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 15ರಲ್ಲಿ ಈ ವ್ಯವಸ್ಥೆ ಕೆಟ್ಟಿರುತ್ತದೆ, ಗುದನಾಳದಲ್ಲಿ ಇನ್ನೂ ಕಡಿಮೆ. ಕೆಟ್ಟಿದ್ದರೆ ಕೇಳಲು ಭಯ, ಆದರೆ ಅದರಿಂದ ಒಂದು ದೊಡ್ಡ ಬಾಗಿಲು ತೆರೆಯುತ್ತದೆ. ಅಂಥ ಗೆಡ್ಡೆಗಳನ್ನು ದೇಹದ ರಕ್ಷಣಾ ವ್ಯವಸ್ಥೆ ಚೆನ್ನಾಗಿ ಗುರುತು ಹಿಡಿಯುತ್ತದೆ, ಇಮ್ಯುನೋಥೆರಪಿ ಚೆನ್ನಾಗಿ ಕೆಲಸ ಮಾಡುತ್ತದೆ. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯವರು ಇಂಥ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೋಸ್ಟಾರ್ಲಿಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧ ಕೊಟ್ಟಾಗ, ಚಿಕಿತ್ಸೆ ಮುಗಿಸಿದ ಮೊದಲ 12 ಜನರಲ್ಲಿ 12 ಜನಕ್ಕೂ ಗೆಡ್ಡೆ ಕಾಣದ ಹಾಗೆ ಹೋಯಿತು. ಆಪರೇಷನ್ನೇ ಬೇಕಾಗಲಿಲ್ಲ. ಅದೂ ಅಲ್ಲದೆ ಇದು ಮನೆತನದಲ್ಲಿ ಹರಿದು ಬರುವ ಲಿಂಚ್ ಸಿಂಡ್ರೋಮ್‌ನ ಸುಳಿವೂ ಆಗಿರಬಹುದು, ಆಗ ಮಕ್ಕಳಾದ ನಾವೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಅಪ್ಪನದು ಸರಿಯಾಗಿಯೇ ಇತ್ತು. ಅಂದರೆ ನಮಗೆ ಆಪರೇಷನ್ ದಾರಿಯೇ. ಒಂದು ಕಡೆ ಬಾಗಿಲು ಮುಚ್ಚಿದ ಬೇಸರ, ಇನ್ನೊಂದು ಕಡೆ ತಮ್ಮನಿಗೆ ಫೋನ್ ಮಾಡಿ ಹೆದರಬೇಡ ಅಂತ ಹೇಳುವ ಸಮಾಧಾನ. ಎರಡೂ ಒಂದೇ ದಿನ ಬಂದವು.

ಇಲ್ಲಿಗೆ ಕ್ಯಾನ್ಸರ್ ಬಗೆಗಿನ ಅಂದಾಜು ಮುಗಿದು ಅಪ್ಪನ ದೇಹದ ಬಗೆಗಿನ ಅಂದಾಜು ಶುರುವಾಯಿತು. ನಿಜ ಹೇಳಬೇಕೆಂದರೆ ನಮ್ಮ ಕೈಲಿ ಏನಾದರೂ ಮಾಡೋಕೆ ಆಗಿದ್ದು ಈ ಭಾಗದಲ್ಲೇ.

ಅನಸ್ತೇಶಿಯಾ ಡಾಕ್ಟರು ಮೊದಲು ಕೇಳಿದ್ದು, ಒಂದು ಮಹಡಿ ಮೆಟ್ಟಿಲು ನಿಲ್ಲದೆ ಹತ್ತುತ್ತೀರಾ ಅಂತ. ಅಪ್ಪ ಹತ್ತುತ್ತೇನೆ ಅಂದರು. ನಾನು, ಮಧ್ಯದಲ್ಲಿ ನಿಂತು ಹತ್ತುತ್ತಾರೆ ಅಂದೆ. ಅಪ್ಪ ನನ್ನ ಕಡೆ ಒಂದು ನೋಟ ನೋಡಿದರು. ಜೊತೆಯಲ್ಲಿರುವವರು ಇಂಥ ಕಡೆ ಸತ್ಯ ಹೇಳಲೇಬೇಕು, ಯಾಕೆಂದರೆ ಈ ಉತ್ತರದ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ. ಎಎಸ್‌ಎ ಅನ್ನುವ ದರ್ಜೆಯಲ್ಲಿ ಅಪ್ಪನಿಗೆ 3 ಹಾಕಿದರು. ಆರೋಗ್ಯವಂತರಿಗೆ 1, ಸಣ್ಣಪುಟ್ಟ ಕಾಯಿಲೆ ಇದ್ದರೆ 2, ಓಡಾಟಕ್ಕೆ ಅಡ್ಡಿಯಾಗುವಷ್ಟು ಕಾಯಿಲೆ ಇದ್ದರೆ 3. ವಯಸ್ಸಾದವರಿಗೆ ದೌರ್ಬಲ್ಯದ ಅಳತೆಯೂ ಇದೆ. ಕೆನಡಾದ ಕೆನೆತ್ ರಾಕ್‌ವುಡ್ ತಂಡ 2005ರಲ್ಲಿ ಕೊಟ್ಟಿದ್ದು, ಈಗ 1ರಿಂದ 9ರವರೆಗೆ ಇದೆ. ಅದರಲ್ಲಿ ಅಪ್ಪ 4. ಬೇರೆಯವರ ಸಹಾಯ ಬೇಡ, ಆದರೆ ನಿಧಾನ, ಬೇಗ ಸುಸ್ತು.

ಆಮೇಲೆ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಸಿ ಸೈಕಲ್ ತುಳಿಸಿದರು. ಕಾರ್ಡಿಯೋಪಲ್ಮನರಿ ಎಕ್ಸರ್‌ಸೈಸ್ ಟೆಸ್ಟ್ ಅಂತ. ಪೆಡಲ್ ಸ್ವಲ್ಪ ಸ್ವಲ್ಪವೇ ಭಾರವಾಗುತ್ತಾ ಹೋಗುತ್ತದೆ. ಒಳಗೆ ಹೋಗುವ ಆಮ್ಲಜನಕ, ಹೊರಗೆ ಬರುವ ಇಂಗಾಲದ ಡೈಆಕ್ಸೈಡ್ ಎರಡನ್ನೂ ಪ್ರತಿ ಉಸಿರಿಗೂ ಅಳೆಯುತ್ತಾರೆ. ಒಂದು ಹಂತದಲ್ಲಿ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಬೇರೆ ದಾರಿ ಹಿಡಿಯುತ್ತವೆ. ಆ ಹಂತ ಎಷ್ಟರಲ್ಲಿ ಬರುತ್ತೆ ಅನ್ನೋದೇ ಮುಖ್ಯ. ದೊಡ್ಡ ಆಪರೇಷನ್ ಆದ ಮೇಲೆ ದೇಹಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ, ಹಾಸಿಗೆಯಲ್ಲಿ ಮಲಗಿದ್ದರೂ ಹೃದಯ, ಶ್ವಾಸಕೋಶ ಕೆಲಸ ಮಾಡುತ್ತಲೇ ಇರಬೇಕು. ಕೆ.ಜಿ. ತೂಕಕ್ಕೆ ನಿಮಿಷಕ್ಕೆ 11 ಮಿಲಿಲೀಟರ್‌ಗಿಂತ ಕಡಿಮೆ ಇದ್ದರೆ ಎಚ್ಚರ ಅನ್ನುವ ಗಡಿ 1990ರ ದಶಕದಲ್ಲಿ ಆಸ್ಟ್ರೇಲಿಯಾದ ಪಾಲ್ ಓಲ್ಡರ್ ಮತ್ತು ಜೊತೆಗಾರರ ಕೆಲಸದಿಂದ ಬಂದಿದ್ದು. ಅಪ್ಪನದು 9.8. ನನ್ನ ಪ್ರಶ್ನೆಗೆ ಉತ್ತರ ತಕ್ಷಣ ಬಂತು: "ಹೌದು, ಬದಲಾಗುತ್ತೆ. ಆಪರೇಷನ್ ಆದ ಮೇಲೆ ಮೊದಲ ರಾತ್ರಿಗಳು ವಾರ್ಡ್‌ನಲ್ಲಿ ಅಲ್ಲ, ಹೆಚ್ಚು ನಿಗಾ ಇರುವ ಘಟಕದಲ್ಲಿ. ಈಗಲೇ ಬೆಡ್ ಹೇಳಿಡ್ತೀವಿ. ಇನ್ನೊಂದು, ನಾಳೆಯಿಂದಲೇ ನಡೆಯೋಕೆ ಶುರು ಮಾಡಿಸಿ."

ಸರ್ಜನ್ ಕಂಪ್ಯೂಟರಿನಲ್ಲಿ ಒಂದು ಕ್ಯಾಲ್ಕುಲೇಟರ್ ತೆರೆದು ತೋರಿಸಿದರು. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್‌ನವರದು, ಯಾರು ಬೇಕಾದರೂ ಬಳಸಬಹುದು. ವಯಸ್ಸು, ಶುಗರ್, ಬಿಪಿ, ಸಿಗರೇಟು, ಎತ್ತರ, ತೂಕ, ಎಎಸ್‌ಎ ದರ್ಜೆ, ಹೀಗೆ ಸುಮಾರು ಇಪ್ಪತ್ತು ವಿಷಯ ತುಂಬಿಸಿದರೆ ಮೊದಲ 30 ದಿನಗಳಲ್ಲಿ ಸಾವು, ಗಂಭೀರ ತೊಂದರೆ, ನ್ಯುಮೋನಿಯಾ, ಸೋಂಕು, ಮತ್ತೆ ಆಪರೇಷನ್ ಇವುಗಳ ಸಾಧ್ಯತೆಯನ್ನು ಉದ್ದ ಗಿಡ್ಡ ಪಟ್ಟಿಗಳಾಗಿ (ಬಾರ್) ತೋರಿಸುತ್ತದೆ. ಪಕ್ಕದಲ್ಲಿ ಅದೇ ಆಪರೇಷನ್ ಆಗುವ ಸರಾಸರಿ ರೋಗಿಯದೂ ಇರುತ್ತದೆ. ಅಪ್ಪನ ಪಟ್ಟಿಗಳು ಸರಾಸರಿಗಿಂತ ಉದ್ದ ಇದ್ದವು, ಶ್ವಾಸಕೋಶದ್ದಂತೂ ಜಾಸ್ತಿ ಉದ್ದ. ನನಗೆ ಗಮನಕ್ಕೆ ಬಂದಿದ್ದು ಅದರಲ್ಲಿ ಏನು ಇಲ್ಲ ಅನ್ನೋದು. ಹಿಮೋಗ್ಲೋಬಿನ್ ಇಲ್ಲ, ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಇಲ್ಲ, ಸೈಕಲ್ ಪರೀಕ್ಷೆ ಇಲ್ಲ. ಕ್ಯಾನ್ಸರ್ ಮರಳಿ ಬರುವ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಮಾಡಿದವರಿಗೂ ಈ ಕೊರತೆ ಗೊತ್ತಿದ್ದೇ ಇರಬೇಕು, ಲೆಕ್ಕಕ್ಕಿಂತ ಈ ರೋಗಿಗೆ ಅಪಾಯ ಹೆಚ್ಚು ಅಂತ ಸರ್ಜನ್‌ಗೆ ಅನ್ನಿಸಿದರೆ ಏರಿಸಿಕೊಳ್ಳಲು ಒಂದು ಆಯ್ಕೆ ಇಟ್ಟಿದ್ದಾರೆ. ನಮ್ಮ ಸರ್ಜನ್ ಅದನ್ನು ಒಂದು ಹಂತ ಏರಿಸಿದರು. ಬ್ರಿಟನ್ನಿನಲ್ಲಿ 2004ರಲ್ಲಿ ಬಂದ ಸಿಆರ್-ಪಾಸಮ್ ಅನ್ನುವ ಇನ್ನೊಂದು ಲೆಕ್ಕ ಕರುಳಿನ ಆಪರೇಷನ್‌ಗೇ ಮಾಡಿದ್ದು, ಅದರಲ್ಲಿ ಹಿಮೋಗ್ಲೋಬಿನ್ ಇದೆ. ಆದರೆ ಆಪರೇಷನ್ ಎಷ್ಟು ದೊಡ್ಡದಾಯಿತು, ಹೊಟ್ಟೆಯೊಳಗೆ ಸೋಂಕು ಇತ್ತಾ, ಕ್ಯಾನ್ಸರ್ ಯಾವ ಹಂತ ಅನ್ನೋದನ್ನೂ ಅದು ಕೇಳುತ್ತದೆ. ಮುಂಚೆ ಲೆಕ್ಕ ಹಾಕಬೇಕೆಂದರೆ ಅವನ್ನೆಲ್ಲ ಊಹಿಸಿ ತುಂಬಿಸಬೇಕು. ಇಷ್ಟು ತಿಳಿದ ಮೇಲೆ, ದಶಮಾಂಶದವರೆಗೆ ಬರುವ ಶೇಕಡಾ ಅಂಕಿಯನ್ನು ನಾನು ಆ ದಶಮಾಂಶದ ಗೌರವ ಕೊಟ್ಟು ಓದುವುದನ್ನು ನಿಲ್ಲಿಸಿದೆ.

ರಕ್ತದ ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 9.4, ಆಲ್ಬುಮಿನ್ 3.2. ಆಲ್ಬುಮಿನ್ 3.5ಕ್ಕಿಂತ ಕಡಿಮೆ ಇದ್ದವರಲ್ಲಿ ಸೋಂಕು, ಗಾಯ ಒಣಗದಿರುವುದು ಎಲ್ಲ ಜಾಸ್ತಿ. ಉರಿಯೂತ ಹೇಳುವ ಸಿಆರ್‌ಪಿ ಏರಿದ್ದು ಆಲ್ಬುಮಿನ್ ಇಳಿದಿದ್ದರೆ ಎರಡನ್ನೂ ಸೇರಿಸಿ ಗ್ಲಾಸ್ಗೋ ಸ್ಕೋರ್ ಅಂತ ಹಾಕುತ್ತಾರೆ. ಅಂಥವರಿಗೆ ಮುಂದಿನ ವರ್ಷಗಳ ದಾರಿಯೂ ಕಷ್ಟ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಅನ್ನುವ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತದ ಬಗ್ಗೆಯೂ ನಾನು ಓದಿಕೊಂಡು ಹೋಗಿ ಕೇಳಿದ್ದೆ. "ಅದನ್ನ ನೋಡಿ ನಾನು ಏನೂ ಬದಲಾಯಿಸಲ್ಲಮ್ಮಾ, ಅದನ್ನ ಬಿಡಿ" ಅಂದರು. ಸಿಟಿ ಸ್ಕ್ಯಾನ್‌ನಲ್ಲೇ ಬೆನ್ನೆಲುಬಿನ ಸೊಂಟದ ಭಾಗದ ಮೂರನೇ ಮೂಳೆಯ ಮಟ್ಟದಲ್ಲಿ ಸ್ನಾಯು ಎಷ್ಟಿದೆ ಅಂತ ಅಳೆಯಬಹುದು, ಹೊಸ ಸ್ಕ್ಯಾನ್ ಬೇಡ. ಅಪ್ಪನದು ಕಡಿಮೆ ಇತ್ತು. ಹೊಟ್ಟೆ ಇದ್ದ ಕಾರಣ ನೋಡೋಕೆ ಸಣಕಲು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ.

ಈಗ ಕಷ್ಟದ ನಿರ್ಧಾರ ಬಂತು. ಎಲ್ಲ ಡಾಕ್ಟರು ಕೂತು ಮಾತಾಡಿ, ಆಪರೇಷನ್‌ಗೆ ಸುಮಾರು ನಾಲ್ಕು ವಾರ ಬಿಟ್ಟು ದಿನ ಕೊಡುತ್ತೇವೆ, ಅಷ್ಟರಲ್ಲಿ ದೇಹ ತಯಾರು ಮಾಡೋಣ ಅಂದರು. ಒಳಗೆ ಕ್ಯಾನ್ಸರ್ ಇಟ್ಟುಕೊಂಡು ಕಾಯುವುದಾ? ಅಮ್ಮ ಒಪ್ಪಲಿಲ್ಲ. "ನಾಳೆನೇ ತೆಗೆದು ಬಿಸಾಕಲಿ" ಅನ್ನುತ್ತಿದ್ದರು. ಅಮ್ಮನ ಮಾತಿನಲ್ಲಿ ನ್ಯಾಯ ಇಲ್ಲ ಅಂತ ಯಾರು ಹೇಳ್ತಾರೆ? ನಾನೇ ಸರ್ಜನ್ ಹತ್ತಿರ ನೇರವಾಗಿ ಕೇಳಿದೆ. ಅವರು ಹೇಳಿದ್ದು ಹೀಗೆ: ಈ ಗೆಡ್ಡೆ ವರ್ಷಗಳಿಂದ ಬೆಳೆದು ಈ ಹಂತಕ್ಕೆ ಬಂದಿದೆ, ದಾರಿ ಕಟ್ಟಿಲ್ಲ, ಕೆಲವು ವಾರದಲ್ಲಿ ಅದರ ಲೆಕ್ಕ ಅಷ್ಟಾಗಿ ಬದಲಾಗುವುದಿಲ್ಲ. ದೇಹದ ಲೆಕ್ಕ ಬದಲಾಗುತ್ತೆ. ಇನ್ನೊಂದು ಮಾತು, ಆಪರೇಷನ್ ಆದ ಮೇಲೆ ದೊಡ್ಡ ತೊಂದರೆ ಆದರೆ ಮುಂದೆ ಬೇಕಾಗಬಹುದಾದ ಕೀಮೋ ಕೊಡೋಕೂ ಆಗುವುದಿಲ್ಲ. ಈ ಕೊನೆಯ ಮಾತಿನಿಂದ ನನ್ನ ತಲೆಯಲ್ಲಿ ಬೇರೆ ಬೇರೆ ನಿಂತಿದ್ದ ಎರಡು ಲೆಕ್ಕಗಳು ಒಂದಕ್ಕೊಂದು ಸೇರಿದವು. ಅಮ್ಮನಿಗೂ ಅದನ್ನೇ ಹೇಳಿ ಒಪ್ಪಿಸಿದೆ.

ಈ ಥರದ ತಯಾರಿಗೆ ಪ್ರಿಹ್ಯಾಬ್ ಅನ್ನುತ್ತಾರೆ. ಕೆನಡಾದ ಫ್ರಾನ್ಸೆಸ್ಕೊ ಕಾರ್ಲಿ ತಂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. 2023ರಲ್ಲಿ ಬಂದ ಹಲವು ದೇಶಗಳ ಒಂದು ಪರೀಕ್ಷೆಯಲ್ಲಿ, ಕರುಳಿನ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ ನಾಲ್ಕು ವಾರ ತಯಾರಿ ಮಾಡಿದವರಲ್ಲಿ ಗಂಭೀರ ತೊಂದರೆ ನೂರಕ್ಕೆ ಸುಮಾರು 17 ಜನಕ್ಕೆ ಆಯಿತು, ಮಾಡದವರಲ್ಲಿ ಸುಮಾರು 30 ಜನಕ್ಕೆ. ಇದನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಅಪ್ಪನ ಮಂಚದ ಪಕ್ಕ ಅಂಟಿಸಿದ್ದೆ.

ಏನು ಮಾಡಿದೆವು ಅಂದರೆ, ಸಿಗರೇಟು ಪೂರ್ತಿ ನಿಂತಿತು. ಅದಕ್ಕೆ ನಿಕೋಟಿನ್ ಪ್ಯಾಚ್ ಕೊಟ್ಟರು, ಮೊದಲ ವಾರ ಮನೆಯಲ್ಲಿ ಯಾರೂ ಅಪ್ಪನ ಜೊತೆ ವಾದಕ್ಕೆ ಇಳಿಯಲಿಲ್ಲ. ಕಬ್ಬಿಣದ ಅಂಶವನ್ನು ಡ್ರಿಪ್ ಮೂಲಕ ಕೊಟ್ಟರು, ಮಾತ್ರೆ ಇಷ್ಟು ಬೇಗ ಕೆಲಸ ಮಾಡುವುದಿಲ್ಲ ಅಂತ. ಪ್ರೋಟೀನ್ ಜಾಸ್ತಿ ಮಾಡಿದರು, ಶುಗರ್ ಮಾತ್ರೆ ಬದಲಾಯಿಸಿದರು. ದಿನಕ್ಕೆ ಎರಡು ಹೊತ್ತು ನಡಿಗೆ, ಅದೂ ಮಾತಾಡೋಕೆ ಸ್ವಲ್ಪ ಕಷ್ಟವಾಗುವಷ್ಟು ವೇಗದಲ್ಲಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಚೆಂಡು ಮೇಲೇರುವ ಉಸಿರಾಟದ ಉಪಕರಣ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಶುರುವಿನಲ್ಲಿ ಅಳೆದಾಗ 340 ಮೀಟರ್ ಇತ್ತು, ಆಪರೇಷನ್ ವಾರ ಅಳೆದಾಗ 395. ಹಿಮೋಗ್ಲೋಬಿನ್ 11 ದಾಟಿತ್ತು. ಆಲ್ಬುಮಿನ್ ಮಾತ್ರ ಅಷ್ಟಾಗಿ ಏರಲಿಲ್ಲ. ಉರಿಯೂತ ಇರುವಾಗ ಊಟದಿಂದ ಮಾತ್ರ ಅದು ಏರುವುದಿಲ್ಲ ಅಂತ ಡಯೆಟಿಷಿಯನ್ ಮುಂಚೆಯೇ ಹೇಳಿದ್ದರು. ಅಪ್ಪನ ಮುಖದಲ್ಲಿ ನಾನು ಕಂಡ ಬದಲಾವಣೆಗೆ ಯಾವ ಅಂಕಿಯೂ ಇಲ್ಲ. ಅಲ್ಲಿಯವರೆಗೆ ಬೇರೆಯವರು ತಮಗೆ ಏನೋ ಮಾಡುವುದನ್ನು ಕಾಯುತ್ತಾ ಕೂತಿದ್ದರು. ಈಗ ತಮ್ಮದೂ ಒಂದು ಕೆಲಸ ಇದೆ ಅಂತ ಬೆಳಿಗ್ಗೆ ಎದ್ದು ಚಪ್ಪಲಿ ಹಾಕುತ್ತಿದ್ದರು.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ದಿನದ ಮಾತು ಸ್ವಲ್ಪ ದೊಡ್ಡದಾಗಿ ಹೇಳಬೇಕು. ಸರ್ಜನ್ ಹೆಚ್ಚು ಹೊತ್ತು ವಿವರಿಸಿದ್ದು ಜೋಡಣೆ ಸೋರುವ ಬಗ್ಗೆ. ಗೆಡ್ಡೆ ಇರುವ ಭಾಗ ಕತ್ತರಿಸಿ ಎರಡು ತುದಿ ಸೇರಿಸುತ್ತಾರೆ, ಆ ಜೋಡಣೆ ಕೂಡಿಕೊಳ್ಳದೆ ಸೋರಿದರೆ ಹೊಟ್ಟೆಯೊಳಗೆ ಸೋಂಕು. ಜೋಡಣೆ ಕೆಳಗೆ ಹೋದಷ್ಟೂ ಅಪಾಯ ಜಾಸ್ತಿ. ಗಂಡಸರಿಗೆ ಜಾಸ್ತಿ, ಯಾಕೆಂದರೆ ಕಿಬ್ಬೊಟ್ಟೆಯ ಜಾಗ ಇಕ್ಕಟ್ಟು. ಸಿಗರೇಟು, ಅಪೌಷ್ಟಿಕತೆ, ಸ್ಟಿರಾಯ್ಡ್, ಬೊಜ್ಜು ಇವೂ ಸೇರುತ್ತವೆ. ಅಪ್ಪನದು ಸ್ವಲ್ಪ ಮೇಲೆ ಇದ್ದದ್ದು ಅನುಕೂಲ. ತಾತ್ಕಾಲಿಕ ಸ್ಟೋಮಾ, ಅಂದರೆ ಮಲ ಚೀಲಕ್ಕೆ ಹೋಗುವ ಹಾಗೆ ಹೊಟ್ಟೆಯ ಮೇಲೆ ಮಾಡುವ ದಾರಿ, ಬೇಕಾ ಬೇಡವಾ ಅನ್ನೋದನ್ನ ಒಳಗೆ ನೋಡಿ ತೀರ್ಮಾನ ಮಾಡುತ್ತೇವೆ, ಆದರೆ ಜಾಗ ಈಗಲೇ ಗುರುತು ಮಾಡಿಡುತ್ತೇವೆ ಅಂದರು. ಕೂತಾಗ, ನಿಂತಾಗ, ಬಗ್ಗಿದಾಗ ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತೆ ಅಂತ ನೋಡಿ ನರ್ಸ್ ಪೆನ್ನಿನಲ್ಲಿ ಗುರುತು ಹಾಕಿದರು.

ಇಷ್ಟೆಲ್ಲ ಕೇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ. "ಡಾಕ್ಟ್ರೇ, ಆಮೇಲೆ ನಾನು ಟಾಯ್ಲೆಟ್ ಬಗ್ಗೆ ಯೋಚನೆ ಮಾಡದೆ ಮನೆಯಿಂದ ಹೊರಗೆ ಹೋಗಬಹುದಾ?" ಅಲ್ಲಿಯವರೆಗಿನ ಯಾವ ಲೆಕ್ಕದಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಸಾವು, ಸೋಂಕು, ಮರುಕಳಿಕೆ ಎಲ್ಲ ಇತ್ತು, ಅಪ್ಪನಿಗೆ ಎಲ್ಲಕ್ಕಿಂತ ಮುಖ್ಯವಾದದ್ದೇ ಇರಲಿಲ್ಲ. ಸರ್ಜನ್ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಗುದನಾಳದ ಆಪರೇಷನ್ ಆದ ಎಷ್ಟೋ ಜನಕ್ಕೆ ಪದೇ ಪದೇ ಹೋಗಬೇಕಾಗುವುದು, ತಡೆಯೋಕೆ ಆಗದಿರುವುದು ಇರುತ್ತದೆ, ಅದಕ್ಕೆ ಲಾರ್ಸ್ ಅನ್ನುತ್ತಾರೆ. ಅದನ್ನೂ ಮುಂಚೆಯೇ ಅಂದಾಜು ಮಾಡುವ ಪೊಲಾರ್ಸ್ ಅನ್ನುವ ಸ್ಕೋರ್ ಇದೆ. ವಯಸ್ಸು, ಗಂಡಸಾ ಹೆಂಗಸಾ, ಗೆಡ್ಡೆ ಎಷ್ಟು ಎತ್ತರದಲ್ಲಿದೆ, ಸುತ್ತಲಿನ ಕೊಬ್ಬಿನ ಪೊಟ್ಟಣವನ್ನು ಪೂರ್ತಿ ತೆಗೆಯುತ್ತಾರಾ ಅಥವಾ ಸ್ವಲ್ಪ ಬಿಡುತ್ತಾರಾ, ಸ್ಟೋಮಾ ಇರುತ್ತಾ, ರೇಡಿಯೇಷನ್ ಕೊಟ್ಟಿದ್ದಾರಾ, ಇಷ್ಟೇ. ಅಪ್ಪನಿಗೆ ರೇಡಿಯೇಷನ್ ಇಲ್ಲ, ಗೆಡ್ಡೆ ಮೇಲಿದೆ, ಕೆಳಗಿನ ಭಾಗ ಉಳಿಯುತ್ತದೆ. "ಮೊದಲ ಕೆಲವು ತಿಂಗಳು ಕಷ್ಟ ಆಗಬಹುದು ಸರ್, ಆದರೆ ನಿಮ್ಮಂಥವರಲ್ಲಿ ಜಾಸ್ತಿ ಜನ ಸುಧಾರಿಸ್ತಾರೆ" ಅಂದರು. ಅಪ್ಪ ಪೆನ್ನು ಕೇಳಿ ಸಹಿ ಹಾಕಿದರು. ಮೂತ್ರ, ಲೈಂಗಿಕ ವಿಷಯಕ್ಕೆ ಸಂಬಂಧಿಸಿದ ನರಗಳ ಬಗ್ಗೆಯೂ ಅವರೇ ಮಾತು ತೆಗೆದರು, ಆಗ ನಾನು ಹೊರಗೆ ಬಂದೆ. ರೋಗಿಯ ಜೊತೆ ಡಾಕ್ಟರು ಒಬ್ಬರೇ ಮಾತಾಡುವ ಹತ್ತು ನಿಮಿಷ ಎಲ್ಲರಿಗೂ ಸಿಗಬೇಕು, ಅದನ್ನು ಮನೆಯವರೇ ಬಿಟ್ಟುಕೊಡಬೇಕು.

ಆಪರೇಷನ್ ಆಯಿತು. ಸ್ಟೋಮಾ ಬೇಕಾಗಲಿಲ್ಲ. ಎರಡನೇ ದಿನ ಕಫ ಕಟ್ಟಿ ಜ್ವರ ಬಂತು, ಶ್ವಾಸಕೋಶದ ಪಟ್ಟಿ ಉದ್ದ ಇದೆ ಅಂತ ಮುಂಚೆಯೇ ಗೊತ್ತಿದ್ದ ಕಾರಣ ಫಿಸಿಯೋಥೆರಪಿಯವರು ಅವತ್ತೇ ಹತ್ತಿರ ಬಂದಿದ್ದರು, ಇಳಿಯಿತು. ಜೋಡಣೆ ಕೂಡಿಕೊಂಡಿತು.

ಆಮೇಲೆ ಪಿ ಅಕ್ಷರದ ರಿಪೋರ್ಟ್ ಬಂತು. ಕನಿಷ್ಠ 12 ಗ್ರಂಥಿಗಳನ್ನಾದರೂ ನೋಡಬೇಕು ಅನ್ನುವುದು ನಿಯಮ, ಅಪ್ಪನದರಲ್ಲಿ 18 ನೋಡಿದ್ದರು. ಅಂಚುಗಳು ಎಲ್ಲ ಕಡೆ ಶುಚಿ, ಎಂಆರ್‌ಐ ಹೇಳಿದ ಹಾಗೇ. ಒಂದು ಗ್ರಂಥಿಯಲ್ಲಿ ಮಾತ್ರ ಕ್ಯಾನ್ಸರ್ ಇತ್ತು. ಅಂದರೆ ಎರಡನೇ ಸ್ಟೇಜ್ ಅಂದುಕೊಂಡಿದ್ದು ಮೂರಾಯಿತು. ರೇಡಿಯಾಲಜಿ ಡಾಕ್ಟರು ನಂಬಬೇಡಿ ಅಂದಿದ್ದ ಜಾಗದಲ್ಲೇ ಬದಲಾಗಿದ್ದರಿಂದ ನಾನು ಕುಸಿದು ಕೂರಲಿಲ್ಲ, ಆದರೆ ನೋವಾಗಲಿಲ್ಲ ಅಂತ ಹೇಳಲಾರೆ.

ಮೂರನೇ ಸ್ಟೇಜ್ ಅಂದರೆ ಕೀಮೋ ಮಾತು ಬರುತ್ತದೆ. ಕ್ಯಾಪೆಸಿಟಬಿನ್ ಮಾತ್ರೆ ಒಂದೇ ಕೊಡುವುದಾ, ಜೊತೆಗೆ ಆಕ್ಸಾಲಿಪ್ಲಾಟಿನ್ ಡ್ರಿಪ್ ಸೇರಿಸುವುದಾ ಅಂತ. 70 ದಾಟಿದವರಲ್ಲಿ ಎರಡನೆಯದನ್ನು ಸೇರಿಸುವುದರಿಂದ ಲಾಭ ಸ್ಪಷ್ಟವಾಗಿ ಕಂಡಿಲ್ಲ, ಕೈಕಾಲು ಜೋಮು ಹಿಡಿಯುವುದು ಮಾತ್ರ ಖಚಿತವಾಗಿ ಹೆಚ್ಚು. ಶುಗರ್‌ನಿಂದ ಅಪ್ಪನ ಪಾದಗಳಲ್ಲಿ ಜೋಮು ಮೊದಲೇ ಇತ್ತು. ಆಪರೇಷನ್‌ಗೆ ಮುಂಚೆ ಅಳೆದ ದೌರ್ಬಲ್ಯದ 4 ಅನ್ನುವ ಅಂಕಿಯನ್ನು ಆಂಕಾಲಜಿ ಡಾಕ್ಟರು ಫೈಲಿನಿಂದ ತೆಗೆದು ನೋಡಿದರು, ಈಗ ಹೇಗಿದ್ದಾರೆ ಅಂತ ಮತ್ತೆ ನಡೆಸಿ ನೋಡಿದರು. ಅಪ್ಪ ಈ ಸಲ ನನ್ನ ಪ್ರಶ್ನೆಯನ್ನು ತಾವೇ ಕೇಳಿದರು. ಮಾತ್ರೆ ಒಂದೇ ಸಾಕು ಅಂತ ತೀರ್ಮಾನವಾಯಿತು. ಮೊದಲ ಸುತ್ತು ನಡೆಯುತ್ತಿದೆ. ಸಿಇಎ 2.3ಕ್ಕೆ ಇಳಿದಿದೆ. ಅದರಲ್ಲಿ ಗೆಡ್ಡೆ ಹೋಗಿದ್ದರಿಂದ ಎಷ್ಟು, ಸಿಗರೇಟು ಬಿಟ್ಟಿದ್ದರಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ಆಗುವುದಿಲ್ಲವಂತೆ. ಇನ್ನು ಮೇಲೆ ಈ 2.3 ಅಪ್ಪನ ಸ್ವಂತ ಅಳತೆ, ಮೂರು ತಿಂಗಳಿಗೊಮ್ಮೆ ಇದರ ಪಕ್ಕ ಇಟ್ಟು ನೋಡುತ್ತಾರೆ. ಅದು ಏರಿದರೆ ಏನು ಮಾಡುತ್ತೀರಿ ಅಂತ ಕೇಳಿದ್ದೇವೆ, ಮತ್ತೊಮ್ಮೆ ರಕ್ತ ತೆಗೆದು ಖಚಿತ ಮಾಡಿಕೊಂಡು ಸ್ಕ್ಯಾನ್ ಮಾಡುತ್ತೇವೆ ಅಂದಿದ್ದಾರೆ. ಒಂದು ವರ್ಷಕ್ಕೆ ಕೊಲೊನೋಸ್ಕೋಪಿ ಇದೆ.